ಮುಕ್ಕಾಲು ಕುರ್ಚಿ

ಗದಗಿನ ಪ್ರೆಸ್ಸಿನವರು ಕತ್ತರಿಸಿ ಎಸೆದ ಕಾಗದ
ಒಂದು ಚೀಲ ತುಂಬ ತಂದಿದ್ದೆ.
ಒಂದು ಮಗ್ಗಲು ಹಳದಿ, ಇನ್ನೊಂದು ಖಾಲಿ.
ಒಂದರ ಮೇಲೆ ಯಾರದೋ ಮದುವೆಯ ‘ಆಗಮನಾಭಿಲಾ’,
ಅಷ್ಟೇ. ಉಳಿದ ‘ಷಿಗಳು’ ಯಾವ ಚೂರಿನಲ್ಲೋ.

ಬೆಟಗೇರಿ, ನಾಲ್ಕನೇ ಇಯತ್ತೆ, ಊಟದ ನಂತರದ ತಾಸು.
ಗೋಡೆಯಾಚೆ ಮಗ್ಗ
ಖಟ್ ಪಟ್ ಖಟ್ ಪಟ್, ನಮ್ಮ ಗೊಡವೆಯಿಲ್ಲದೆ.

ಎಲ್ಲರಿಗೂ ಒಂದೇ ಅಳತೆಯ ಚೌಕ ಕೊಟ್ಟೆ.
‘ಅರ್ಧ ಮಾಡ್ರಿ’ ಅಂದೆ. ಹೇಗೆಂದು ಹೇಳಲಿಲ್ಲ.

ಮುಬೀನಾ ನಡುವೆ ಮಡಚಿ ಹರಿದಳು, ಬಾಗಿಲಿನ ಹಾಗೆ.
ನಾಗೇಂದ್ರಸಾ ಮೂಲೆಗೆ ಮೂಲೆ ಕೂಡಿಸಿದ.
‘ನಂದು ದೊಡ್ಡದು’ ಎಂದ, ಚುಂಚು ಉದ್ದ ಇತ್ತಲ್ಲ.
‘ನಂದೂ ಅರ್ಧ, ನಿಂದೂ ಅರ್ಧ.
ನಿಂದು ಹೆಂಗ ದೊಡ್ಡದಾಕ್ಕೈತಿ?’
‘ನೋಡ ಬೇಕಾದ್ರ, ಎಷ್ಟುದ್ದ ಐತಿ!’
ವರ್ಗ ಎರಡು ಪಕ್ಷವಾಯಿತು, ಪಕ್ಷಗಳು ಮಾತ್ರ ಸಮ ಇರಲಿಲ್ಲ:
ಉದ್ದದ ಕಡೆ ಹತ್ತೊಂಬತ್ತು, ಮುಬೀನಾಳ ಕಡೆ ಐದು.
ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು.
ಹಲ್ಲಿನಿಂದ ಹಿಡಿದೆ.
ಹದಿನಾರು ವರ್ಷದ ನೌಕರಿಯಲ್ಲಿ ಕಲಿತದ್ದು ಇದೊಂದೇ,
ಇದೂ ಪೂರಾ ಬಂದಿಲ್ಲ.

ಹಿಂದಿನ ಸಾಲಿನಿಂದ ದ್ಯಾಮಣ್ಣ ಎದ್ದು ಬಂದ,
ಕೇಳದೆ ಕತ್ತರಿ ತಗೊಂಡ,
ತ್ರಿಕೋನದ ಮೇಲಿನ ಚುಂಚು ಅರ್ಧಕ್ಕೆ ಕತ್ತರಿಸಿದ,
ತಲೆಕೆಳಗು ಮಾಡಿ ಪಕ್ಕಕ್ಕೆ ಜೋಡಿಸಿದ.
ಮುಬೀನಾಳ ಬಾಗಿಲನ್ನು ಅದರ ಮೇಲಿಟ್ಟ.
ಯಾವ ಕಡೆಯೂ ಹಳದಿ ಇಣುಕಲಿಲ್ಲ.
‘ನಮ್ಮಪ್ಪ ಅಂಗಿ ಕತ್ತರಸೂಮುಂದ ಹಿಂಗಾ ತಿರುವಿ ಇಡ್ತಾನ್ರೀ.
ಅರಬಿ ಉಳೀತೈತಿ.’

‘ಅರ್ಧದಾಗ ಅರ್ಧಕ್ಕ ಏನಂತೀರಿ?’
‘ಕಾಲು ರೀ!’
ಕಿಸಕ್ಕೆಂದಳು ಶಿವಲೀಲಾ.
‘ಟೀಚರ್, ಎಮ್ಮಿಗೆ ನಾಕ ಕಾಲು, ಎಮ್ಮಿ ಒಂದ.’
ಒಂದು ಗಳಿಗೆ ಮಗ್ಗ ಮಾತ್ರ ಕೇಳಿಸಿತು.
‘ಹಂಗಾರ ಕೋಳಿ ಅರ್ಧ!’
‘ಇರಬಿ?’
‘ಆರು ಕಾಲು… ಒಂದೂವರಿ!’
‘ನಾವು?’
ಬಸ್ಸಿನಲ್ಲಿ ಅರ್ಧ ಟಿಕೀಟಿನ ಇಪ್ಪತ್ನಾಲ್ಕು ಮಂದಿ
ಬಗ್ಗಿ ತಮ್ಮ ತಮ್ಮ ಕಾಲು ನೋಡಿಕೊಂಡರು,
ಆಮೇಲೆ ನನ್ನವು.
‘ನೀವೂ ಅರ್ಧಾರೀ ಟೀಚರ್.’

ನನ್ನ ಕುರ್ಚಿಯ ಕಾಲೊಂದು ಮುರಿದು ವರ್ಷವಾಯಿತು,
ಆ ಮೂಲೆಗೆ ಇಟ್ಟಂಗಿ ಕೊಟ್ಟಿದ್ದೇವೆ.
‘ಕುರ್ಚಿ ಮುಕ್ಕಾಲು, ಇಟ್ಟಂಗಿ ಕಾಲು’ ಎಂದ ನಾಗೇಂದ್ರಸಾ,
ಸೋತದ್ದನ್ನು ವಸೂಲು ಮಾಡುವವನಂತೆ.
ಕೂಡಿದರೆ ಒಂದು. ಲೆಕ್ಕ ಸರಿ ಎಂದು ನಗುತ್ತಿದ್ದೆ.

‘ಅಲ್ರೀ’ ಅಂದಳು ಮುಬೀನಾ.
‘ಇಟ್ಟಂಗಿ ಚೂರ ಎತ್ತರ ಐತಿ,
ಅದಕ್ಕ ನೀವು ಕುಂತ್ರ ಅಲಗಾಡತೈತಿ.
ನಾಕೂ ಸಮ ಇದ್ರ ಕಾಲು,
ಇಲ್ಲಂದ್ರ ಬರೇ ಚೂರು.’

ವ್ಯಾಖ್ಯೆ ಇದ್ದ ಪುಸ್ತಕ ಇನ್ನೂ ಬ್ಯಾಗಿನಲ್ಲೇ ಇತ್ತು.
ನಾನು ಕೂತಲ್ಲೇ ಅಲುಗಾಡಿದೆ.

ಗಂಟೆ ಹೊಡೆದ ಮೇಲೆ ಕಸ ಗುಡಿಸುವಾಗ
‘ಷಿಗಳು’ ಸಿಕ್ಕಿತು, ಬೆಂಚಿನಡಿ.
ಕಸಬರಿಗೆ ಹಿಡಿದ ದ್ಯಾಮಣ್ಣ ಹೋಗಲೊಲ್ಲ.
‘ಮೂರು ಪಾಲು ಹೆಂಗ ಮಾಡೂದ್ರಿ?
ಮಡಚಿದ್ರ ಎರಡಾಕ್ಕೈತಿ, ಮತ್ತ ಮಡಚಿದ್ರ ನಾಕು.
ಮೂರು ಬರವಲ್ದು.
ಮನ್ಯಾಗ ನಾವು ಮೂರು ಮಂದಿ ಅದೀವಿ.’
‘ನಾಳೆ ನೋಡೂಣು’ ಅಂದೆ.
ಗೊತ್ತಿದ್ದವಳ ಹಾಗೆ.

ಸಂಜೆ ಬಸ್ಸಿನಲ್ಲಿ ನನ್ನ ಪೂರಾ ಟಿಕೀಟು ತೆಗೆದೆ.
ಒಂದು ತುದಿ ಒಳಕ್ಕೆ, ಇನ್ನೊಂದು ಅದರ ಮೇಲಕ್ಕೆ,
ಜಾರಿಸಿದೆ, ಬಿಡಿಸಿದೆ, ಮತ್ತೆ ಜಾರಿಸಿದೆ.
ಪ್ರತಿ ಸಲವೂ ಒಂದು ಪಾಲು ಕೂದಲೆಳೆಯಷ್ಟು ಹೆಚ್ಚು,
ಹೆಚ್ಚಾದದ್ದು ಯಾರಿಗೆಂದು ತಿಳಿಯದು.
ತಲೆ ಎತ್ತಿದಾಗ
ನನ್ನ ಸ್ಟಾಪು ಎರಡು ಸ್ಟಾಪು ಹಿಂದಿತ್ತು.